ಒಬ್ಬರಿಗೆ ಒಂದೇ ಕೆಲಸವೋ, ಎಲ್ಲರಿಗೂ ಎಲ್ಲ ಕೆಲಸವೋ? ಗದಗಿನ ಪ್ರೆಸ್ಸಿನಿಂದ ಬಂದ ಪ್ರಶ್ನೆ

ಪ್ರಶ್ನೆ:

ಗದಗಿನಲ್ಲಿ ನಮ್ಮ ಮಾವನವರು ಕಟ್ಟಿದ ಪ್ರಿಂಟಿಂಗ್ ಪ್ರೆಸ್ ಇದೆ. ಅವರು ತೀರಿಕೊಂಡ ಮೇಲೆ ನಾನು ಮತ್ತು ನನ್ನ ಮೈದುನ ನಡೆಸುತ್ತಿದ್ದೇವೆ. ಒಟ್ಟು 22 ಜನ ಕೆಲಸಕ್ಕಿದ್ದಾರೆ. ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್, ನೋಟ್‌ಬುಕ್ ಮಾಡುತ್ತೇವೆ, ಈಗೀಗ ಮಿಠಾಯಿ ಡಬ್ಬಿಯನ್ನೂ ಹಿಡಿದಿದ್ದೇವೆ. ಮಾವನವರ ಕಾಲದಲ್ಲಿ ಇಂಥವರದು ಇಂಥದ್ದೇ ಕೆಲಸ ಅಂತ ಇರಲಿಲ್ಲ. ಮಶೀನ್ ನಿಂತರೆ ಮಶೀನಿನವರು ಬೈಂಡಿಂಗಿಗೆ ಕೂಡುತ್ತಿದ್ದರು, ಬೈಂಡಿಂಗಿನವರು ಪಾರ್ಸೆಲ್ ಕಟ್ಟುತ್ತಿದ್ದರು. ಕಳೆದ ವರ್ಷ ಸಲಹೆಗಾರರೊಬ್ಬರು ಬಂದು ನೋಡಿ, "ಇದು ಸಂತೆ ಆದಂಗೈತಿ, ಒಬ್ಬರಿಗೆ ಒಂದೇ ಕೆಲಸ ಕೊಡ್ರಿ" ಅಂದರು. ಶ್ರಾವಣದಿಂದ ಹಾಗೇ ಮಾಡಿದೆವು. ಕ್ಯಾಲೆಂಡರ್ ಸೀಸನ್ ಬಹಳ ಚಲೋ ನಡೆಯಿತು. ಲಗ್ನದ ಸೀಸನ್ ಬಂದದ್ದೇ ತಡ, ಎಲ್ಲ ಕೆಟ್ಟಿತು. ಒಂದು ಪತ್ರಿಕೆಯಲ್ಲಿ ತಾರೀಖು ಸರಿಯಿದ್ದು ವಾರ ತಪ್ಪಾಗಿ 800 ಪ್ರತಿ ಅಚ್ಚಾದವು. ಕಂಪ್ಯೂಟರಿನ ಹುಡುಗಿ, ಪ್ಲೇಟಿನವನು, ಮಶೀನಿನ ಚಾಚಾ, ಕಟಿಂಗಿನವನು, ನಾಲ್ವರ ಕೈ ದಾಟಿ ಹೋದರೂ ಯಾರ ಕಣ್ಣಿಗೂ ಬೀಳಲಿಲ್ಲ. ಕಟಿಂಗಿನ ಹುಡುಗ ನಾಲ್ಕು ದಿನ ಸೂಟಿ ಹಾಕಿದರೆ ಮಾಲು ಅಲ್ಲೇ ಬಿದ್ದಿರುತ್ತದೆ. ಮಾವನವರ ಕಾಲದಿಂದ ಇದ್ದ ಬೈಂಡಿಂಗ್ ಕಾಕಾ ಕೆಲಸ ಬಿಟ್ಟು ಹೋದರು. ಮೈದುನ "ಹಳೇ ಪದ್ಧತಿಗೇ ಹೋಗೋಣ ವೈನಿ" ಅನ್ನುತ್ತಾನೆ. ಸಲಹೆಗಾರರು "ಇನ್ನೊಂದು ವರ್ಷ ತಡೀರಿ" ಅನ್ನುತ್ತಾರೆ. ಯಾರ ಮಾತು ಕೇಳಲಿ ಸರ್?

ಉತ್ತರ:

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಒಂದು ಕಡೆ: ಕ್ಯಾಲೆಂಡರ್ ಸೀಸನ್ ಚಲೋ ನಡೆಯಿತು, ಲಗ್ನದ ಸೀಸನ್ ಕೆಟ್ಟಿತು. ಜನ ಅವರೇ, ಮಶೀನು ಅವೇ, ಪದ್ಧತಿಯೂ ಅದೇ. ಬದಲಾದದ್ದು ಬಂದ ಆರ್ಡರಿನ ಸ್ವಭಾವ ಮಾತ್ರ. ನಿಮ್ಮ ಮೈದುನನ ಮಾತೂ ಪೂರ್ತಿ ಸುಳ್ಳಲ್ಲ, ಸಲಹೆಗಾರರದೂ ಪೂರ್ತಿ ಸುಳ್ಳಲ್ಲ. ಇಬ್ಬರೂ ಇಡೀ ಪ್ರೆಸ್ಸಿಗೆ ಒಂದೇ ಮದ್ದು ಹೇಳುತ್ತಿದ್ದಾರೆ, ತೊಡಕು ಇರುವುದು ಅಲ್ಲಿ.

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಈ ಭಾಗದ ಸಣ್ಣ ಕಾರ್ಖಾನೆಗಳಲ್ಲಿ ಯಾರಿಗೆ ಯಾವ ಕೆಲಸ, ಎಷ್ಟು ಕೆಲಸ ಎಂದು ಹೊಂದಿಸಿಕೊಡುವುದೇ ನನ್ನ ವೃತ್ತಿ. ನೀವು ಕೇಳಿದ ಪ್ರಶ್ನೆಯನ್ನು ಬೇರೆ ಬೇರೆ ಬಾಯಲ್ಲಿ ಬಹಳ ಸಲ ಕೇಳಿದ್ದೇನೆ. ಹೆಚ್ಚಿನವರು ಕೇಳುವಷ್ಟರಲ್ಲಿ ಒಳ್ಳೆಯ ಕೆಲಸಗಾರರಲ್ಲಿ ಒಬ್ಬಿಬ್ಬರು ಹೋಗಿಬಿಟ್ಟಿರುತ್ತಾರೆ. ನಿಮ್ಮಲ್ಲೂ ಹಾಗೇ ಆಗಿದೆ. ಕಾಕಾ ಅವರ ವಿಷಯಕ್ಕೆ ಕಡೆಗೆ ಬರುತ್ತೇನೆ.

ಕೆಲಸವನ್ನು ತುಂಡು ಮಾಡಿ ಹಂಚಿದರೆ ಹೆಚ್ಚು ಮಾಲು ಹೊರಬೀಳುತ್ತದೆ ಎಂಬ ಮಾತಿನ ಮೂಲ 1776ರಷ್ಟು ಹಳೆಯದು. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ತನ್ನ 'ವೆಲ್ತ್ ಆಫ್ ನೇಷನ್ಸ್' ಪುಸ್ತಕದಲ್ಲಿ ಗುಂಡುಸೂಜಿ ಕಾರ್ಖಾನೆಯೊಂದರ ಲೆಕ್ಕ ಕೊಟ್ಟ. ಒಂದು ಗುಂಡುಸೂಜಿ ಆಗಲಿಕ್ಕೆ ಸುಮಾರು 18 ಹಂತ. ಒಬ್ಬನೇ ಕೂತು ಎಲ್ಲ ಮಾಡಿದರೆ ದಿನಕ್ಕೆ 20 ಆಗುವುದೂ ಕಷ್ಟ. ಹತ್ತು ಜನ ಹಂಚಿಕೊಂಡು ಮಾಡಿದಾಗ ದಿನಕ್ಕೆ 48,000. ನಿಮ್ಮ ಸಲಹೆಗಾರರ ತಲೆಯಲ್ಲಿ ಇದ್ದದ್ದು ಈ ಲೆಕ್ಕವೇ. ಅದೇ ಸ್ಮಿತ್ ಅದೇ ಪುಸ್ತಕದಲ್ಲಿ ಇನ್ನೂ ಒಂದು ಮಾತು ಹೇಳಿದ್ದಾನೆ, ಅದನ್ನು ಯಾರೂ ನೆನಪಿಡುವುದಿಲ್ಲ. ಕೆಲಸವನ್ನು ಎಷ್ಟು ಸಣ್ಣದಾಗಿ ಹಂಚಬಹುದು ಎಂಬುದು ಮಾರುಕಟ್ಟೆ ಎಷ್ಟು ದೊಡ್ಡದು ಎನ್ನುವುದರ ಮೇಲೆ ನಿಂತಿದೆ. ಒಂದೇ ನಮೂನೆಯ ಸೂಜಿ ದಿನಕ್ಕೆ 48,000 ಬೇಕು ಅನ್ನುವ ಗಿರಾಕಿ ಇದ್ದರಷ್ಟೇ ಹತ್ತು ಜನರ ಹಂಚಿಕೆ ಲಾಭ.

ಇದನ್ನು ನಿಮ್ಮ ಪ್ರೆಸ್ಸಿಗೆ ತನ್ನಿ. ಕ್ಯಾಲೆಂಡರ್ ಅಂದರೆ ಒಂದೇ ಹಾಳೆ ಸಾವಿರಗಟ್ಟಲೆ. ಬೆಳಿಗ್ಗೆ ಪ್ಲೇಟ್ ಕೂಡಿಸಿ ಬಣ್ಣ ಹೊಂದಿಸಿದರೆ ಸಂಜೆವರೆಗೆ ಮಶೀನ್ ಓಡುತ್ತದೆ. ಅಲ್ಲಿ ಒಬ್ಬ ಹಾಳೆ ಕೊಡುವುದು, ಒಬ್ಬ ಕತ್ತರಿಸುವುದು, ಒಬ್ಬ ಪಟ್ಟಿ ಹೊಡೆಯುವುದು ಅಂತ ಹಂಚಿದರೆ ಕೈ ಪಳಗುತ್ತದೆ, ವೇಗ ಬರುತ್ತದೆ. ಲಗ್ನಪತ್ರಿಕೆ ಹಾಗಲ್ಲ. ಒಬ್ಬರದು 300, ಇನ್ನೊಬ್ಬರದು 500, ನಿಮ್ಮ ಆ ತಪ್ಪಾದದ್ದು 800. ಗಂಟೆಗೆ 5,000 ಹಾಳೆ ಬಿಡುವ ಮಶೀನಿಗೆ 300 ಹಾಳೆ ಅಂದರೆ ನಾಲ್ಕು ನಿಮಿಷದ ಮಾತು. ಉಳಿದ ಹೊತ್ತೆಲ್ಲ ಎಲ್ಲಿ ಹೋಗುತ್ತದೆ? ಪ್ಲೇಟ್ ಬದಲಿಸುವುದರಲ್ಲಿ, ಬಣ್ಣ ತೊಳೆಯುವುದರಲ್ಲಿ, ಅದಕ್ಕಿಂತ ಹೆಚ್ಚಾಗಿ ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗಿ ಸರದಿಗೆ ಕಾಯುವುದರಲ್ಲಿ. ನಾಲ್ಕು ಜನರ ನಡುವೆ ಹಂಚಿದರೆ ನಾಲ್ಕು ಕಡೆ ಕಾಯಬೇಕು. ನಾಲ್ಕು ನಿಮಿಷದ ಓಟವನ್ನು ಮೂರಕ್ಕೆ ಇಳಿಸಲು ಹೋಗಿ ನಾಲ್ಕು ದಿನದ ಕಾಯುವಿಕೆ ತಂದುಕೊಂಡಂತೆ ಆಯಿತು. ಒಂದು ವಾರ ಒಂದು ಕೆಲಸ ಮಾಡಿ ನೋಡಿ: ಪ್ರತಿ ಆರ್ಡರಿನ ಜೊತೆ ಕೈಯಿಂದ ಕೈಗೆ ಹೋಗುವ ಚೀಟಿಯ, ಅಂದರೆ ಜಾಬ್ ಕಾರ್ಡಿನ ಮೇಲೆ ಕೈಗೆ ಬಂದ ಹೊತ್ತು, ಮುಗಿಸಿದ ಹೊತ್ತು ಎರಡನ್ನೂ ಪೆನ್ಸಿಲ್‌ನಲ್ಲಿ ಬರೆಸಿ. ಮಾಲು ಎಲ್ಲಿ ಮಲಗಿತ್ತು ಎಂದು ಕಾರ್ಡೇ ಹೇಳುತ್ತದೆ.

ಇದು ಅರ್ಧ ಕಾರಣ. ಉಳಿದ ಅರ್ಧ ಆ 800 ಪತ್ರಿಕೆಯೊಳಗಿದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ದೊಡ್ಡದು.

ವಾರ ತಪ್ಪಾದದ್ದು ಕಂಪ್ಯೂಟರಿನಲ್ಲಿ. ಆ ಹುಡುಗಿ ಹಳೆಯ ಫೈಲ್ ತೆಗೆದು ಹೆಸರು, ತಾರೀಖು ಬದಲಿಸಿ, ವಾರ ಬದಲಿಸುವುದನ್ನು ಮರೆತಿರಬೇಕು. ಇಂಥ ತಪ್ಪು ಮಾವನವರ ಕಾಲದಲ್ಲೂ ಆಗುತ್ತಿತ್ತು. ಆಗ ಹಿಡಿಯುತ್ತಿದ್ದವರು ಯಾರು? ನಾನು ಕಂಡ ಪ್ರೆಸ್ಸುಗಳಲ್ಲಿ ಹಳೆಯ ಮಶೀನ್‌ಮನ್ ಏನು ಮಾಡುತ್ತಾರೆಂದರೆ, ಮೊದಲ ಹಾಳೆ ಹೊರಬಿದ್ದ ಕೂಡಲೇ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಬಣ್ಣ ನೋಡುತ್ತಾರೆ, ಅಂಚು ನೋಡುತ್ತಾರೆ, ಹಾಗೇ ಕಣ್ಣು ಅಕ್ಷರದ ಮೇಲೂ ಓಡುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರ್ ಕಡೆ ಒಮ್ಮೆ ತಿರುಗಿ, "ಏ ತಮ್ಮಾ, ಈ ತಾರೀಖಿಗೆ ಬುಧವಾರ ಬರ್ತೈತೇನ ನೋಡು" ಅನ್ನುತ್ತಾರೆ. ಆ ಕೆಲಸ ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ. ನಿಮ್ಮ ಚಾಚಾ ಈಗ ಯಾಕೆ ನೋಡಲಿಲ್ಲ ಅಂದರೆ, ಶ್ರಾವಣದಲ್ಲಿ ಅವರಿಗೆ ಕೊಟ್ಟ ಪಟ್ಟಿಯಲ್ಲಿ ಮಶೀನ್ ಓಡಿಸುವುದು ಮಾತ್ರ ಇತ್ತು. ಇಂಥದ್ದೇ ಪ್ರಸಂಗದಲ್ಲಿ ಒಬ್ಬರು ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಶಾಯಿ ಹಾಕು ಅಂದ್ರು, ಹಾಕೀನ್ರಿ. ಓದು ಅಂತ ಯಾರ ಹೇಳ್ಯಾರ?" ಅದು ಸಿಟ್ಟಿನ ಮಾತಲ್ಲ, ನೋವಿನ ಮಾತು.

ಕೆಲಸಕ್ಕೆ ಎರಡು ಅಳತೆ ಇವೆ ಎಂದು ನಾವು ಈ ವೃತ್ತಿಯವರು ಲೆಕ್ಕ ಹಾಕುತ್ತೇವೆ. ಒಂದು ಅಗಲ: ಒಬ್ಬರ ಕೈಯಲ್ಲಿ ಎಷ್ಟು ಬಗೆಯ ಕೆಲಸ ಇದೆ. ಇನ್ನೊಂದು ಆಳ: ತನ್ನ ಕೆಲಸದ ಬಗ್ಗೆ ತಾನೇ ಎಷ್ಟು ತೀರ್ಮಾನ ಮಾಡಬಹುದು. ಇವೆರಡನ್ನು ಒಂದೇ ಎಂದು ತಿಳಿಯುವುದೇ ದೊಡ್ಡ ತಪ್ಪು. ನಿಮ್ಮ ಊರಿನ ಉದಾಹರಣೆಯನ್ನೇ ಕೊಡುತ್ತೇನೆ. ಗದಗಿನ ಪ್ರೆಸ್ಸುಗಳಲ್ಲಿ ಅಚ್ಚುಮೊಳೆ, ಅಂದರೆ ಒಂದೊಂದು ಅಕ್ಷರದ ಸೀಸದ ಅಚ್ಚು, ಜೋಡಿಸುತ್ತಿದ್ದವರನ್ನು ನೋಡಿದವರು ಇನ್ನೂ ಇದ್ದಾರೆ. ಬೆಳಗಿನಿಂದ ಸಂಜೆವರೆಗೆ ಒಂದೇ ಕೆಲಸ, ಖಾನೆಯಿಂದ ಮೊಳೆ ಹೆಕ್ಕಿ ಜೋಡಿಸುವುದು. ಕನ್ನಡದ ಒತ್ತಕ್ಷರಗಳಿಂದಾಗಿ ಖಾನೆಗಳೂ ಲೆಕ್ಕವಿಲ್ಲದಷ್ಟು. ಅಗಲ ನೋಡಿದರೆ ಅಷ್ಟು ಕಿರಿದಾದ ಕೆಲಸ ಇನ್ನೊಂದಿಲ್ಲ. ಆದರೆ ಕನ್ನಡಿಯಲ್ಲಿ ಕಂಡಂತೆ ತಿರುವಾಗಿರುವ ಅಕ್ಷರವನ್ನು ಓದುತ್ತ, ಕೈಬರಹದಲ್ಲಿ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ್ದರೆ ತಿದ್ದುತ್ತ, ಸಾಲು ಎಲ್ಲಿ ಮುರಿಯಬೇಕು ಎಂದು ತಾವೇ ನಿಶ್ಚಯಿಸುತ್ತಿದ್ದರು. ಅಗಲ ಕಡಿಮೆ, ಆಳ ಬಹಳ. ಅವರಿಗೆ ಆ ಕೆಲಸದ ಮೇಲೆ ಅಭಿಮಾನ ಇದ್ದದ್ದು ಆ ಆಳದಿಂದ. ನೀವು ಶ್ರಾವಣದಲ್ಲಿ ಅಗಲವನ್ನು ಕಡಿಮೆ ಮಾಡಿದ್ದಷ್ಟೇ ಆಗಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ಗೊತ್ತಿಲ್ಲದೆ ಆಳವನ್ನೂ ಕತ್ತರಿಸಿಬಿಟ್ಟಿರಿ.

ಜನ ಕೆಲಸ ಬಿಡುವುದಕ್ಕೂ ಇದಕ್ಕೂ ನೇರ ಸಂಬಂಧವಿದೆ. ಹೆನ್ರಿ ಫೋರ್ಡ್ 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ತಂದಾಗ, ಒಂದು ಕಾರಿನ ಚಾಸಿ (ತಳದ ಚೌಕಟ್ಟು) ಜೋಡಿಸಲು ಹಿಡಿಯುತ್ತಿದ್ದ ಸುಮಾರು ಹನ್ನೆರಡೂವರೆ ಗಂಟೆ ಕೆಲವೇ ತಿಂಗಳಲ್ಲಿ 93 ನಿಮಿಷಕ್ಕೆ ಇಳಿಯಿತು. ಆದರೆ ಅದೇ ವರ್ಷ ಅಲ್ಲಿ ಕೆಲಸಗಾರರು ಬಿಟ್ಟುಹೋಗುವ ಪ್ರಮಾಣ ಶೇಕಡಾ 370 ಮುಟ್ಟಿತ್ತು. ಅಂದರೆ ಒಂದು ಜಾಗಕ್ಕೆ ವರ್ಷದಲ್ಲಿ ಮೂರು ನಾಲ್ಕು ಸಲ ಹೊಸಬರನ್ನು ಹುಡುಕಬೇಕಾಗಿತ್ತು. 1914ರಲ್ಲಿ ಅವರು ದಿನಗೂಲಿಯನ್ನು 5 ಡಾಲರಿಗೆ, ಹೆಚ್ಚುಕಡಿಮೆ ದುಪ್ಪಟ್ಟಿಗೆ, ಏರಿಸಿದ್ದಕ್ಕೆ ಇದೂ ಒಂದು ಕಾರಣ. ನಾವು ನೀವು ಹಾಗೆ ಪಗಾರ ದುಪ್ಪಟ್ಟು ಮಾಡುವಂತಿಲ್ಲ. ಹಾಗಾಗಿ ಕೆಲಸವನ್ನೇ ತಕ್ಕಂತೆ ಹೊಂದಿಸಬೇಕು.

ಹಾಗಾದರೆ ಹಳೇ ಪದ್ಧತಿಗೆ ಮರಳಬಹುದೇ? ಬೇಡ. ಮಾವನವರ ಕಾಲದ ಪದ್ಧತಿಯನ್ನು ನಡೆಸುತ್ತಿದ್ದವರು ಮಾವನವರು. ಯಾರು ಎಲ್ಲಿ ಕೂಡಬೇಕು, ಯಾವುದು ಮೊದಲು ಹೋಗಬೇಕು ಎಂಬ ಲೆಕ್ಕ ಅವರ ತಲೆಯಲ್ಲಿತ್ತು. ಅವರಿಲ್ಲದೆ ಆ ಪದ್ಧತಿಯಷ್ಟನ್ನೇ ಮರಳಿ ತಂದರೆ ಸಲಹೆಗಾರರು ಹೇಳಿದ ಸಂತೆಯೇ ಆದೀತು. ಎರಡನೆಯದು, ಎಲ್ಲ ಕೆಲಸ ಎಲ್ಲರಿಗೂ ಕೊಟ್ಟರೆ ಜನ ಖುಷಿಯಾಗುತ್ತಾರೆ ಎಂಬುದು ಬರೀ ನಂಬಿಕೆ. ಮಡಚುವ ಕೆಲಸದ ಜೊತೆಗೆ ಎಣಿಸುವ ಕೆಲಸ, ಅದರ ಜೊತೆಗೆ ಪಾರ್ಸೆಲ್ ಕಟ್ಟುವ ಕೆಲಸ ಕೊಟ್ಟರೆ ಬೇಸರದ ಮೂರು ಕೆಲಸ ಒಟ್ಟಾದವು, ಅಷ್ಟೇ. 1968ರಲ್ಲಿ ಮನಃಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಇದನ್ನು ಸೊನ್ನೆಗೆ ಸೊನ್ನೆ ಕೂಡಿಸುವ ಲೆಕ್ಕ ಎಂದರು. ಮೂರನೆಯದು ಅಪಾಯ. ಕಟಿಂಗ್ ಮಶೀನಿನ ಅಲಗಿನ ಮುಂದೆ ಕಲಿಯದವರನ್ನು ಒಂದು ಗಳಿಗೆಯೂ ನಿಲ್ಲಿಸಬಾರದು. "ಇವತ್ತು ಅಂವ ಬಂದಿಲ್ಲ, ನೀ ಸ್ವಲ್ಪ ಕತ್ತರಸು" ಎಂಬ ಮಾತಿನಿಂದ ಬೆರಳು ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಕಿರಿದಾದ ಕೆಲಸವೇ ಸರಿಯಾಗಿರುವ ಜಾಗಗಳೂ ಇವೆ, ಅದಕ್ಕೆ ದೂರ ಹೋಗಬೇಕಿಲ್ಲ. ಹುಬ್ಬಳ್ಳಿ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ರಾಷ್ಟ್ರಧ್ವಜ ನೋಡಿ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಅಶೋಕಚಕ್ರ ಅಚ್ಚು ಹಾಕುವುದು, ಹೊಲಿಯುವುದು, ಹಗ್ಗ ಮತ್ತು ಮರದ ಗುಂಡಿ ಕೂಡಿಸುವುದು, ಒಂದೊಂದೂ ಬೇರೆ ಕೈ. ಗರಗದಂಥ ಊರುಗಳಲ್ಲಿ ಬಟ್ಟೆ ಆಗುತ್ತದೆ, ಬೆಂಗೇರಿಯಲ್ಲಿ ಧ್ವಜ ಆಗುತ್ತದೆ. ಚಕ್ರದ 24 ಅರಗಳು ಬಟ್ಟೆಯ ಎರಡೂ ಬದಿ ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ಅಳತೆ ನಿಗದಿಯಾಗಿದೆ, ನಮೂನೆ ಬದಲಾಗುವುದಿಲ್ಲ, ತಪ್ಪಿಗೆ ಆಸ್ಪದವಿಲ್ಲ. ಅಂಥಲ್ಲಿ ವರ್ಷಗಟ್ಟಲೆ ಒಂದೇ ಹಂತದಲ್ಲಿ ಪಳಗಿದ ಕೈಯೇ ಬೇಕು. ನಿಮ್ಮ ಕ್ಯಾಲೆಂಡರ್, ನೋಟ್‌ಬುಕ್, ಮಿಠಾಯಿ ಡಬ್ಬಿ ಈ ಕಡೆಯವು. ಲಗ್ನಪತ್ರಿಕೆ, ಬಿಲ್ ಬುಕ್ ಆ ಕಡೆಯವು. ನಿಮ್ಮ ಪ್ರೆಸ್ಸಿನಲ್ಲಿ ಎರಡು ಬಗೆಯ ಕಾರ್ಖಾನೆಗಳು ಒಂದೇ ಸೂರಿನಡಿ ಇವೆ.

ಹೀಗಾಗಿ ನನ್ನ ಸಲಹೆ: ದೊಡ್ಡ ಓಟದ ಕೆಲಸಕ್ಕೆ ಈಗಿನ ಹಂಚಿಕೆ ಇರಲಿ. ಸಣ್ಣ ಆರ್ಡರುಗಳಿಗೆ ಬೇರೆ ಒಂದು ತಂಡ ಕಟ್ಟಿ. ಕಂಪ್ಯೂಟರಿನವರು ಒಬ್ಬರು, ಮಶೀನಿನವರು ಒಬ್ಬರು, ಮಡಚಿ ಕತ್ತರಿಸಿ ಕಟ್ಟುವವರು ಇಬ್ಬರು. ಒಂದು ಪತ್ರಿಕೆ ಬಂತೆಂದರೆ ಗಿರಾಕಿಯ ಕೈಯಿಂದ ಪಾರ್ಸೆಲ್‌ವರೆಗೆ ಅದು ಆ ನಾಲ್ವರದು. ಯಾವುದನ್ನು ಮೊದಲು ತೆಗೆದುಕೊಳ್ಳಬೇಕು, ಯಾರು ಎಲ್ಲಿ ಕೂಡಬೇಕು ಎಂದು ಅವರೇ ಮಾತಾಡಿಕೊಳ್ಳಲಿ. ಮೇಜುಗಳು ಹತ್ತಿರ ಹತ್ತಿರ ಇರಲಿ, ಒಬ್ಬರ ದನಿ ಇನ್ನೊಬ್ಬರಿಗೆ ಕೇಳಬೇಕು.

ಇದು ಹೊಸ ಪ್ರಯೋಗವೇನಲ್ಲ. 1953ರಲ್ಲಿ ಎ. ಕೆ. ರೈಸ್ ಎಂಬ ಸಂಶೋಧಕರು ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ಮಾಡಿ ತೋರಿಸಿದ್ದು ಇದನ್ನೇ. ಸ್ವಯಂಚಾಲಿತ ಮಗ್ಗ ತಂದು, ಎಳೆ ಹರಿದರೆ ಕಟ್ಟುವವನು ಬೇರೆ, ಎಣ್ಣೆ ಹಾಕುವವನು ಬೇರೆ ಎಂದು ಹಂಚಿದ್ದರು. ಉತ್ಪಾದನೆ ಎಣಿಸಿದಷ್ಟು ಏರಲಿಲ್ಲ. ಆಮೇಲೆ ಒಂದಿಷ್ಟು ಮಗ್ಗ ಒಂದು ಸಣ್ಣ ಗುಂಪಿನದು ಎಂದು ಮಾಡಿದರು. ಕೆಲಸಗಾರರು ತಾವೇ ಮುಂದೆ ಬಂದು ಗುಂಪು ಕಟ್ಟಿಕೊಂಡರು. ನೇಯ್ಗೆ ಏರಿತು, ಕೆಟ್ಟ ಬಟ್ಟೆ ಕಡಿಮೆಯಾಯಿತು. ನಮ್ಮ ಬೆಟಗೇರಿಯ ನೇಕಾರರ ಮನೆಗಳಲ್ಲಿ ಮನೆಮಂದಿಯೆಲ್ಲ ಒಂದು ಸೀರೆಯ ಸುತ್ತ ಕೆಲಸ ಮಾಡುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯ ಅನಿಸಲಿಕ್ಕಿಲ್ಲ.

ತಾರಿಹಾಳದ ಒಂದು ವಾಲ್ವ್ ವರ್ಕ್‌ಶಾಪಿನಲ್ಲಿ ನಾನೇ ಮಾಡಿಸಿದ್ದನ್ನು ಹೇಳುತ್ತೇನೆ. ಅಲ್ಲಿ ಲ್ಯಾಪಿಂಗ್, ಅಂದರೆ ವಾಲ್ವ್ ಮುಚ್ಚಿ ಕೂಡುವ ಮುಖವನ್ನು ನುಣ್ಣಗೆ ಉಜ್ಜುವುದು, ಒಬ್ಬರು, ಜೋಡಣೆ ಒಬ್ಬರು, ನೀರಿನ ಒತ್ತಡ ಕೊಟ್ಟು ಸೋರಿಕೆ ನೋಡುವ ಹೈಡ್ರೋ ಟೆಸ್ಟ್ ಇನ್ನೊಬ್ಬರು. ಟೆಸ್ಟಿನಲ್ಲಿ ಸೋರಿದರೆ ಜೋಡಣೆಯವನು ಲ್ಯಾಪಿಂಗಿನ ಮೇಲೆ, ಲ್ಯಾಪಿಂಗಿನವನು ಲೇತ್ ಮೇಲೆ ಕಡೆಯುವ ಟರ್ನಿಂಗಿನವರ ಮೇಲೆ ತಪ್ಪು ಹಾಕುತ್ತಿದ್ದ. ಇಬ್ಬಿಬ್ಬರ ಜೋಡಿ ಮಾಡಿ, ತಾವು ಲ್ಯಾಪ್ ಮಾಡಿದ್ದನ್ನು ತಾವೇ ಜೋಡಿಸಿ ತಾವೇ ಟೆಸ್ಟ್ ಮಾಡಿ ತಮ್ಮ ನಂಬರ್ ಹೊಡೆಯಬೇಕು ಎಂದು ಮಾಡಿದೆವು. ಮೊದಲ ತಿಂಗಳು ಮಾಲು ಕಡಿಮೆ ಹೊರಬಿತ್ತು, ಮಾಲೀಕರು ನನ್ನ ಮೇಲೆ ಸಿಟ್ಟಾದರು. ಎರಡನೇ ತಿಂಗಳಲ್ಲಿ ಒಬ್ಬ ಹುಡುಗ ಟೆಸ್ಟಿನ ತನಕ ಹೋಗದೆ, ಆ ಉಜ್ಜಿದ ಮುಖದ (ಸೀಟಿನ) ಮೇಲೆ ಬೆರಳು ಆಡಿಸಿಯೇ "ಇದು ಸೋರತೈತ್ರಿ" ಎಂದು ತಿರುಗಿ ಲ್ಯಾಪಿಂಗಿಗೆ ಒಯ್ದ. ತನ್ನ ಕೆಲಸದ ಫಲ ತನ್ನ ಕಣ್ಣಿಗೇ ಕಂಡಾಗ ಮಾತ್ರ ಬೆರಳಿಗೆ ಆ ಬುದ್ಧಿ ಬರುತ್ತದೆ.

ಅಪಾಯಗಳನ್ನೂ ಹೇಳಬೇಕು. ನಿಮಗೂ ಮೊದಲ ಒಂದೆರಡು ತಿಂಗಳು ಮಾಲು ಕಡಿಮೆಯಾಗಬಹುದು, ಆದ್ದರಿಂದ ಸೀಸನ್ನಿನ ನಡುವೆ ಶುರು ಮಾಡಬೇಡಿ. ಉಳಿದ 18 ಜನರಿಗೆ "ಆ ನಾಲ್ವರು ವೈನಿಯ ಕಡೆಯವರು" ಅನಿಸಬಹುದು, ಆರು ತಿಂಗಳಿಗೊಮ್ಮೆ ತಂಡದಲ್ಲಿ ಒಬ್ಬರನ್ನು ಬದಲಿಸಿ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಪಗಾರ. ಕೆಲಸದ ಅಗಲ ಹೆಚ್ಚಿಸಿ ಪಗಾರ ಇದ್ದಷ್ಟೇ ಇಟ್ಟರೆ ಜನ ಅದನ್ನು ಒಂದು ಕೂಲಿಗೆ ಎರಡು ಕೆಲಸ ಎಂದೇ ತಿಳಿಯುತ್ತಾರೆ, ಮತ್ತು ಅವರು ತಿಳಿದದ್ದು ಸರಿಯೇ. ಕನಿಷ್ಠ ವೇತನದಲ್ಲೇ ಅಕುಶಲ, ಅರೆಕುಶಲ, ಕುಶಲ ಎಂಬ ದರ್ಜೆಗಳಿವೆ. ಒಬ್ಬ ಹೊಸ ಕೆಲಸ ಕಲಿತು ಒಬ್ಬನೇ ಮಾಡಬಲ್ಲ ಅಂತಾದ ದಿನದಿಂದ ಅದಕ್ಕೆ ಇಷ್ಟು ಎಂದು ಪಗಾರಕ್ಕೆ ಸೇರಿಸಿ, ಮೊತ್ತ ಸಣ್ಣದಿದ್ದರೂ ಮೊದಲೇ ಹೇಳಿ. ಕಟಿಂಗಿನ ಹುಡುಗನಿಗೂ ಇಲ್ಲೊಂದು ಭಯ ಇರುತ್ತದೆ, ತನ್ನ ಕೆಲಸ ಇನ್ನೊಬ್ಬರಿಗೆ ಕಲಿಸಿದರೆ ತನ್ನ ಬೆಲೆ ಕಡಿಮೆಯಾಗುತ್ತದೆ ಎಂದು. ಕಲಿಸಿದ್ದಕ್ಕೂ ಅವನಿಗೆ ಏನಾದರೂ ಕೊಡಿ.

ಸೂಟಿಯ ತೊಂದರೆಗೆ ಒಂದು ಹಾಳೆ ಸಾಕು. ಎಡಕ್ಕೆ 22 ಹೆಸರು, ಮೇಲೆ ಎಲ್ಲ ಕೆಲಸಗಳು. ಒಬ್ಬನೇ ಮಾಡಬಲ್ಲವನಿಗೆ ಪೂರ್ತಿ ಚುಕ್ಕೆ, ಜೊತೆಗಿದ್ದರೆ ಮಾಡಬಲ್ಲವನಿಗೆ ಅರ್ಧ ಚುಕ್ಕೆ. ಯಾವ ಕೆಲಸದ ಕೆಳಗಿನ ಕಂಬಸಾಲಿನಲ್ಲಿ ಪೂರ್ತಿ ಚುಕ್ಕೆ ಒಂದೇ ಇದೆಯೋ ಅಲ್ಲಿ ನಿಮ್ಮ ಪ್ರೆಸ್ ಒಬ್ಬರ ಹಾಜರಿಯ ಮೇಲೆ ನಿಂತಿದೆ ಎಂದರ್ಥ. ಎಲ್ಲರೂ ಎಲ್ಲ ಕಲಿಯಬೇಕಾಗಿಲ್ಲ, ಪ್ರತಿ ಕಂಬಕ್ಕೂ ಎರಡು ಪೂರ್ತಿ ಚುಕ್ಕೆ ಬಿದ್ದರೆ ಸಾಕು. ಕಟಿಂಗಿನಿಂದ ಶುರು ಮಾಡಿ.

ಒಂದು ಕೆಲಸ ಮಾತ್ರ ಯಾವ ತಂಡಕ್ಕೂ ಸೀಸನ್ನಿಗೂ ಕಾಯಬಾರದು, ನಾಳೆಯೇ ಆಗಬೇಕು. ಚಾಚಾ ಅವರನ್ನು ಕರೆದು ಎಲ್ಲರ ಮುಂದೆ ಹೇಳಿ: ಯಾವುದೇ ಆರ್ಡರಿರಲಿ, ಮೊದಲ ಹಾಳೆ ಓದಿ ನಿಮ್ಮ ಸಹಿ ಬಿದ್ದ ಮೇಲೆಯೇ ಎರಡನೇ ಹಾಳೆ, ಅನುಮಾನ ಬಂದರೆ ನಿಲ್ಲಿಸಿ, ಯಾರನ್ನೂ ಕೇಳಬೇಕಿಲ್ಲ. ಮಶೀನಿನ ಪಕ್ಕದ ಗೋಡೆಗೆ ನಿಮ್ಮದೇ ಕ್ಯಾಲೆಂಡರ್ ಒಂದನ್ನು ನೇತುಹಾಕಿ. ಕಂಪ್ಯೂಟರಿನ ಹುಡುಗಿಯನ್ನು ಬಯ್ಯಬೇಡಿ, ಗಿರಾಕಿ ಕರಡು ನೋಡಲು ಬಂದಾಗ ಅವಳನ್ನೇ ಎದುರು ಕೂಡಿಸಿ. ಮದುಮಗಳ ಅಪ್ಪನ ಮುಖ ನೋಡಿ ಮಾತಾಡಿದವಳು ಆ ಪತ್ರಿಕೆಯ ವಾರವನ್ನು ಮರೆಯುವುದು ಕಡಿಮೆ.

ಇನ್ನು ಕಾಕಾ. ನೀವೇ ಅವರ ಮನೆಗೆ ಹೋಗಿ, ಮೈದುನನನ್ನೂ ಕರೆದುಕೊಂಡು ಹೋಗಿ. ಬರೀ ಮರಳಿ ಬನ್ನಿ ಎಂದರೆ ಬರಲಿಕ್ಕಿಲ್ಲ. ಹೊಲಿಗೆ, ಅಂಟು, ರಟ್ಟು, ಮೂಲೆಯ ಬಟ್ಟೆ ಎಲ್ಲ ತಾವೇ ಮಾಡಿ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡುತ್ತಿದ್ದ ಮನುಷ್ಯರಿಗೆ ಇಡೀ ದಿನ ಪಿನ್ ಹೊಡೆಯುವ ಕೆಲಸ ಬಂದಿತ್ತು ಎಂದು ನನ್ನ ಊಹೆ. ಸಣ್ಣ ಆರ್ಡರಿನ ತಂಡಕ್ಕೆ ಮಡಚುವುದು, ಕಟ್ಟುವುದು ಕಲಿಸಿಕೊಡುತ್ತೀರಾ, ಪುಸ್ತಕದ ಕೆಲಸ ಬಂದಾಗ ಮೊದಲಿನಂತೆ ಪೂರ್ತಿ ನಿಮ್ಮ ಕೈಯಲ್ಲೇ ಇರುತ್ತದೆ ಎಂದು ಹೇಳಿ ನೋಡಿ. ಬರುವುದಿಲ್ಲ ಎಂದರೂ, ಶ್ರಾವಣದ ಮೇಲೆ ಏನೇನು ಕೆಟ್ಟಿತು ಎಂದು ಕೇಳಿ, ಹೇಳಿದ್ದನ್ನು ಬರೆದುಕೊಂಡು ಬನ್ನಿ. ಆಷಾಢದಲ್ಲಿ ಲಗ್ನ ಇರುವುದಿಲ್ಲ, ಕ್ಯಾಲೆಂಡರ್ ಕೆಲಸ ಇನ್ನೂ ಶುರುವಾಗಿರುವುದಿಲ್ಲ. ತಂಡ ಕಟ್ಟಿ ಬಿಲ್ ಬುಕ್ ಆರ್ಡರುಗಳ ಮೇಲೆ ರೂಢಿ ಮಾಡಿಸಲು ಆ ತಿಂಗಳು ಸರಿಯಾಗುತ್ತದೆ. ತುಳಸಿ ಲಗ್ನ ಮುಗಿದು ಪತ್ರಿಕೆಗಳು ಬರತೊಡಗುವ ಹೊತ್ತಿಗೆ ಅವರ ಕೈ ಕೂಡಿರುತ್ತದೆ. ಆಗ ಜಾಬ್ ಕಾರ್ಡುಗಳನ್ನು ತೆಗೆದಿಟ್ಟುಕೊಂಡು ನನಗೆ ಇನ್ನೊಂದು ಪತ್ರ ಬರೆಯಿರಿ.